ಮೂರು ಮಕ್ಕಳ ಬ್ಯಾಚುಲರ್

ಯಮನಪ್ಪನಿಗೆ ಹೆಂಡತಿಯಿದ್ದಳು, ಮೂರು ಮಕ್ಕಳಿದ್ದರು. ಆದರೂ ದೋಹಾದಲ್ಲಿ ಅವನು ಬ್ಯಾಚುಲರ್. ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದ ಗಂಡಸರನ್ನೆಲ್ಲ ಅಲ್ಲಿ ಹಾಗೇ ಕರೆಯುತ್ತಾರೆ. ಅದು ಅವನಿಗೆ ಗೊತ್ತಿರಲಿಲ್ಲ. ಅವನು ಕಂಡ ಬ್ಯಾಚುಲರ್‌ಗಳೆಂದರೆ ಬಾದಾಮಿಯ ಬ್ಯಾಂಕಿನಲ್ಲಿದ್ದ ಮದುವೆಯಾಗದ ಗುಮಾಸ್ತರು.

ಕಲ್ಲುಕೆಲಸದವನು. ತೊಂಬತ್ತಮೂರರಲ್ಲಿ ಕತಾರಿಗೆ ಬಂದು ಕಂಪನಿಯ ಕ್ಯಾಂಪಿನಲ್ಲಿದ್ದ. ತೊಂಬತ್ತೇಳರಲ್ಲಿ ಕಂಪನಿ ಮುಚ್ಚಿತು, ಕ್ಯಾಂಪೂ ಹೋಯಿತು. ವೀಸಾ ಹಳೆಯ ಯಜಮಾನನ ಹೆಸರಿನಲ್ಲೇ ಉಳಿಯಿತು. ಯಮನಪ್ಪ ವೆಸ್ಟ್ ಬೇಯಲ್ಲಿ ಏಳುತ್ತಿದ್ದ ಹೋಟೆಲೊಂದಕ್ಕೆ ಕಲ್ಲು ಹಾಸಲು ಹೋದ. ಒಬ್ಬನ ವೀಸಾದಲ್ಲಿ ಇನ್ನೊಬ್ಬನ ಬಳಿ ದುಡಿಯುವುದು ಕಾನೂನಿಗೆ ವಿರುದ್ಧ. ಸೂರಿನಡಿ ಮಲಗುವವನನ್ನು ಯಾರೂ ವಿಚಾರಿಸುತ್ತಿರಲಿಲ್ಲ, ಬಯಲಲ್ಲಿ ಮಲಗಿದವನನ್ನು ಹಿಡಿದು ಗಡೀಪಾರು ಮಾಡುತ್ತಿದ್ದರು.

ಅಲ್ ಮುಂತಜಾ ಬಡಾವಣೆಯ ಹಳೆಯ ಕಟ್ಟಡದಲ್ಲಿ ಉಪ್ಪಿನಂಗಡಿಯ ಪೊಡಿಯಬ್ಬ ಒಂದು ಫ್ಲಾಟು ಹಿಡಿದು, ಮಂಚಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಯಮನಪ್ಪ ರಾತ್ರಿ ಮಲಗುವ ಮಂಚದಲ್ಲಿ ಹಗಲು ಬೇಕರಿಯ ಶಿಹಾಬ್ ಮಲಗುತ್ತಿದ್ದ.

ಆಗ ರಾಸ್ ಲಫಾನಿನ ಅನಿಲ ಸ್ಥಾವರಗಳಿಗೆ ಎಂಜಿನಿಯರುಗಳು ಸಂಸಾರಸಮೇತ ಬರತೊಡಗಿದ್ದರು. ಬ್ಯಾಚುಲರ್‌ಗಳು ಗುರುವಾರದೊಳಗೆ ಖಾಲಿ ಮಾಡಬೇಕೆಂದು ಕಟ್ಟಡದ ಮಾಲೀಕ ಮೆಟ್ಟಿಲ ಬಳಿ ಚೀಟಿ ಅಂಟಿಸಿದ. ಪೊಡಿಯಬ್ಬ ಅದನ್ನು ಓದಿ ಹೇಳಿದಾಗ ಯಮನಪ್ಪ ಶಿಹಾಬನ ಬೆನ್ನಿಗೊಂದು ಗುದ್ದಿದ.

“ಲಗ್ನ ಮಾಡ್ಕೋಲೇ ಅಂತ ಬಡಕೊಂಡೆ. ಈಗ ಹೊರಗ ಬಿದ್ದಿ ನೋಡು!”

“ನೀವೆಲ್ಲಿಗೆ ಹೋಗುದು ಯಮನಪ್ಪಣ್ಣ?”

“ನಾ ಯಾಕ ಹೋಗ್ಲಿ? ನಾ ಮೂರು ಮಕ್ಕಳ ತಂದಿ.”

ಪೊಡಿಯಬ್ಬ ಹೊಟ್ಟೆ ಹಿಡಿದುಕೊಂಡ. “ಹೌದು ಮಾರಾಯ, ನೀನು ದೊಡ್ಡ ಫ್ಯಾಮಿಲಿಯವ. ಇಡೀ ಫ್ಲಾಟು ನಿನಗೇ. ಕಾಲು ಚಾಚಿ ಮಲಗು.”

ಎಲ್ಲರೂ ನಕ್ಕರು. ಯಮನಪ್ಪನೂ ನಕ್ಕ, ಆದರೆ ಆ ಮಾತನ್ನು ನಿಜವೆಂದೇ ನಂಬಿ. ಸುತ್ತಲಿನ ಹಲವು ಕಟ್ಟಡಗಳು ಆ ವಾರವೇ ಖಾಲಿಯಾಗುತ್ತಿದ್ದವು. ಉಳಿದವರು ನಜ್ಮಾ ಬಡಾವಣೆಯ ಕಡೆ ಓಡಾಡಿ ಸಿಕ್ಕ ಮಂಚ ಹಿಡಿದರು. ಅವನು ಹುಡುಕಲೇ ಇಲ್ಲ.

ಗುರುವಾರ ಕೆಲಸದಿಂದ ಬಂದಾಗ ಬಾಗಿಲಿಗೆ ಹೊಸ ಬೀಗ, ಟ್ರಂಕು ಹೊರಗೆ. ಕಾವಲುಗಾರನಿಗೆ ಮದುವೆಯ ಫೋಟೊ ತೋರಿಸಿದ.

“ಫ್ಯಾಮಿಲಿ ಕಿಧರ್?” ಎಂದ ಕಾವಲುಗಾರ.

“ಗಾಂವ್ ಮೇ.”

“ಇಧರ್ ಮಾಫಿ, ನಹೀ ಹೈ. ತುಮ್ ಬ್ಯಾಚುಲರ್. ಖಲಾಸ್.”

ನಜ್ಮಾದಲ್ಲಿ ಪೊಡಿಯಬ್ಬ ತಲೆ ಚಚ್ಚಿಕೊಂಡ. “ನಾನು ತಮಾಷೆಗೆ ಹೇಳಿದ್ದಲ್ವಾ ಮಾರಾಯ! ಇಲ್ಲಿ ಅಡುಗೆಕೋಣೆಯಲ್ಲೂ ಜನ ಮಲಗಿದ್ದಾರೆ. ಮುಂದಿನ ವಾರ ನೋಡುವ.”

ಮುಂದಿನ ವಾರದವರೆಗೆ ಯಮನಪ್ಪ ಹೋಟೆಲಿನ ಸಿಮೆಂಟು ಚೀಲಗಳ ಹಿಂದೆ ಮಲಗಬೇಕಾಯಿತು. ಅಲ್ಲೇ ಪೊಲೀಸರಿಗೆ ಸಿಕ್ಕಿಬಿದ್ದ. ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಅಲ್ ಮುಂತಜಾ ಎಂದ. ತೋರಿಸು ಎಂದು ಕರೆದೊಯ್ದರು.

ಬಾಗಿಲು ತೆರೆದವಳು ಚಂದ್ರಿಕಾ, ಹೊಸದಾಗಿ ಬಂದ ಎಂಜಿನಿಯರನ ಹೆಂಡತಿ. ಒಳಗಿದ್ದ ಮಗುವನ್ನು ಕನ್ನಡದಲ್ಲಿ ಗದರುತ್ತಿದ್ದಳು. ಯಮನಪ್ಪ ಕೈಮುಗಿದ.

“ಅಕ್ಕಾರ, ನಾ ಇಲ್ಲೇ ಇರತಿದ್ದೆ ಅಂತ ಇವರಿಗೊಂದ್ ಮಾತ ಹೇಳ್ರಿ.”

“ನಾವು ಬಂದಿದ್ದೇ ಮೊನ್ನೆ. ನೀನು ಯಾರೋ ನನಗೇನಪ್ಪ ಗೊತ್ತು?”

ಅದನ್ನೇ ಪೊಲೀಸರಿಗೆ ಇಂಗ್ಲಿಷಿನಲ್ಲಿ ಹೇಳಿ ಬಾಗಿಲು ಹಾಕಿಕೊಂಡಳು. ಅವಳು ಸುಳ್ಳು ಹೇಳಲಿಲ್ಲ.

ಕೆಲವು ವಾರ ಕೂಡಿಹಾಕಿ ಮುಂಬಯಿ ವಿಮಾನ ಹತ್ತಿಸಿದರು. ಯಾಕೆ ಬಂದೆ ಎಂದು ಊರಲ್ಲಿ ಹೆಂಡತಿ ಶಿವಗಂಗವ್ವ ಕೇಳಿದಾಗ, ಮಲಗಾಕ ಜಾಗ ಸಿಗಲಿಲ್ಲ ಎಂದ. ಅಂಥ ಶ್ರೀಮಂತ ದೇಶದಲ್ಲಿ ಒಬ್ಬನಿಗೆ ಮಲಗಲು ಜಾಗವಿಲ್ಲವೆಂದರೆ ಅವಳು ನಂಬಲಿಲ್ಲ. ಕುಡಿದು ಕೆಲಸ ಕಳೆದುಕೊಂಡಿರಬೇಕು ಎಂದಳು. ಊರೂ ಅದನ್ನೇ ಹೇಳಿತು.