ಚೋಕಿಗೆ ತೂಗುಹಾಕಿದ ಬ್ಯಾಗು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಚಿಕ್ಕಮ್ಮನ ಕಾರು ಬಿಳಿಯದೋ ಕೆನೆಬಣ್ಣದ್ದೋ ಎಂಬುದೇ ನನಗೆ ಖಚಿತವಿಲ್ಲ. ಆದರೆ ಕಳೆದ ವಾರ ತ್ರಿಪ್ಪುಣಿತ್ತುರದಲ್ಲಿ ಚಿಕ್ಕಮ್ಮನ ಕಪಾಟು ಒರೆಸುವಾಗ ಸಿಕ್ಕ ಕಂದು ಬ್ಯಾಗಿನ ಬಗ್ಗೆ ಅನುಮಾನವಿಲ್ಲ. ಅದರ ಪಟ್ಟಿ ಒಂದೇ ಜಾಗದಲ್ಲಿ ಸವೆದು ತೆಳ್ಳಗಾಗಿದೆ. ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲಿನ ವಾಸನೆ... ಇಷ್ಟು ವರ್ಷ ಉಳಿದೀತೇ? ನೆನಪಿನಿಂದ ನಾನೇ ಸೇರಿಸಿಕೊಂಡಿರಬೇಕು.

ಎರಡು ಸಾವಿರದ ನಂತರದ ಮೊದಲ ಕೆಲವು ವರ್ಷಗಳು. ನಾನು ಎಂ.ಎ. ಓದುತ್ತ ತ್ರಿಪ್ಪುಣಿತ್ತುರದಲ್ಲೇ ಚಿಕ್ಕಮ್ಮನ ಜೊತೆಗಿದ್ದೆ. ಮೈಸೂರಿನಿಂದ ವರ್ಗವಾಗಿ ಬಂದಿದ್ದ ಅವಳು ಮದುವೆಯಾಗಿರಲಿಲ್ಲ. ಎಡಪ್ಪಳ್ಳಿಯ ಕಚೇರಿಗೆ ಹೋಗಿಬರಲು ಹಳೆಯ ಕಾರೊಂದನ್ನು ಕೊಂಡಿದ್ದಳು. ಮೇಲಿನ ಮನೆಯಲ್ಲಿ ಬ್ಯಾಂಕಿನವರೊಬ್ಬರಿದ್ದರು. ಕಾಸರಗೋಡಿನವರು, ಹೆಂಡತಿಯನ್ನು ಕಳೆದುಕೊಂಡವರು. ಆ ಕಟ್ಟಡದಲ್ಲಿ ಕನ್ನಡ ಆಡುವವರು ನಾವು ಮೂವರೇ.

ಕಾರಿಗೆ ಒಂದೇ ಕಾಯಿಲೆ. ಆಕ್ಸಿಲರೇಟರ್ ಒತ್ತಿದರೆ ಉಸಿರು ಹಿಡಿದಂತೆ ತಡೆದು, ಮುಗ್ಗರಿಸಿ, ಆಮೇಲೆ ಮುಂದಕ್ಕೆ ಹೋಗುತ್ತಿತ್ತು. ಹಿಂದೆ ಬಸ್ಸಿದ್ದಾಗ ಹೀಗಾದರೆ ಏನು ಗತಿ ಎಂದು ಚಿಕ್ಕಮ್ಮ ಮೇಲಿನ ಮನೆಯವರ ಬಳಿ ಹೇಳಿಕೊಂಡಳು. ಅವರು ಒಂದು ಭಾನುವಾರ ಪೆಟ್ರೋಲ್ ಫಿಲ್ಟರ್ ಬದಲಿಸಿದರು. ಇನ್ನೊಂದು ಭಾನುವಾರ ಪ್ಲಗ್ ಬಿಚ್ಚಿ ಮಸಿ ಒರೆಸಿದರು. ಕಾರ್ಬ್ಯುರೇಟರ್ ತೊಳೆಸಿದ್ದೂ ಆಯಿತು. ಕೆಲಸ ಮುಗಿದ ಮೇಲೆ ಪರೀಕ್ಷೆ. ಚಿಕ್ಕಮ್ಮ ಓಡಿಸುವುದು, ಅವರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು ಎಂಜಿನ್ನಿನ ಸದ್ದು ಕೇಳುವುದು, ಸೇತುವೆಯ ಏರಿನಲ್ಲಿ "ಈಗ ಒತ್ತಿ" ಎನ್ನುವುದು. ಕಾರು ಸಲೀಸಾಗಿ ಏರುತ್ತಿತ್ತು. ಸೋಮವಾರ ಸಂಜೆ ಮತ್ತೆ ಅದೇ ದೂರು.

"ನೀವು ಕೂತ್ರೆ ಸರಿಯಾಗೇ ಇರುತ್ತೆ. ನಾನೊಬ್ಳೇ ಹೋದ್ರೆ ಮೊಂಡಾಟ," ಎಂದಳು ಚಿಕ್ಕಮ್ಮ ಒಮ್ಮೆ.

"ಎಂತ ಮಾರಾಯ್ರೆ, ಹಾಗಾದ್ರೆ ನನ್ನನ್ನೇ ಒಂದು ಪಾರ್ಟ್ ಅಂತ ಫಿಟ್ ಮಾಡ್ಬೇಕಷ್ಟೆ!"

ಚಿಕ್ಕಮ್ಮ ನಕ್ಕಳು. ಮನೆಯೊಳಗೆ ಅವಳು ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ಹೀಗೆ ವರ್ಷ ಕಳೆಯುವಷ್ಟರಲ್ಲಿ ಅವರಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಹೊರಡುವ ದಿನ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ ಹೇಳಿದರು: "ಸ್ಟೀರಿಂಗ್ ಪಕ್ಕ ಚೋಕ್ ಉಂಟಲ್ಲ, ನಿಮ್ಮ ಚಿಕ್ಕಮ್ಮ ಅದಕ್ಕೆ ಬ್ಯಾಗ್ ತೂಗಿಸ್ತಾರೆ. ಭಾರಕ್ಕೆ ಅದು ಹೊರಗೆ ಬರ್ತದೆ. ನಾನು ಜೊತೆಗೆ ಹೋಗುವಾಗ ಅದನ್ನು ಒಳಗೆ ದೂಡಿ, ಬ್ಯಾಗ್ ಮಡಿಲಲ್ಲಿ ಇಟ್ಕೊಳ್ತಿದ್ದೆ."

ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಲಷ್ಟೇ ಎಳೆಯುವ ಹಿಡಿ ಅದು. ಎಂಜಿನ್ ಬಿಸಿಯಾದ ಮೇಲೂ ಹೊರಗೇ ಇದ್ದರೆ ಪೆಟ್ರೋಲ್ ಹೆಚ್ಚಾಗಿ ಗಾಡಿ ಮುಗ್ಗರಿಸುತ್ತದೆ.

"ಮೊದಲೇ ಹೇಳ್ಬಹುದಿತ್ತಲ್ಲ ಅಂಕಲ್?"

"ಹೇಳ್ಬಹುದಿತ್ತು..." ಎಂದು ಸೂಟ್‌ಕೇಸ್ ಎತ್ತಿಕೊಂಡರು.

ಚಿಕ್ಕಮ್ಮನಿಗೆ ಹೇಳಲೆಂದು ಮರುದಿನ ಬೆಳಗ್ಗೆ ಅವಳ ಹಿಂದೆಯೇ ಕಾರಿನವರೆಗೆ ಹೋದೆ. ಅವಳು ಹಿಂದಿನ ಬಾಗಿಲು ತೆರೆದು ಬ್ಯಾಗನ್ನು ಸೀಟಿನ ಮೇಲಿಟ್ಟಳು. ಹೇಳುವುದಕ್ಕೆ ಏನೂ ಉಳಿಯಲಿಲ್ಲ. ಅವರು ಅವಳಿಗೂ ಹೇಳಿದ್ದರೇ? ಇರಬಹುದು. ಕಾರು ಮತ್ತೆಂದೂ ಮುಗ್ಗರಿಸಲಿಲ್ಲ.

ಮುಂದೊಮ್ಮೆ ಅದೇ ಕಾರಿನಲ್ಲಿ ತಿರುವನಂತಪುರಕ್ಕೆ ಹೋದಾಗ, ಚಾಲೈ ಮಾರುಕಟ್ಟೆಯ ಹತ್ತಿರದ ಅವರ ಬಾಡಿಗೆ ಮನೆಯಲ್ಲಿ ಚಹಾ ಕುಡಿದೆವು.

"ಕಾರು ಹೇಗುಂಟು?"

"ಏನೂ ತೊಂದ್ರೆ ಇಲ್ಲ," ಎಂದಳು ಚಿಕ್ಕಮ್ಮ.

"ಒಳ್ಳೆದಾಯ್ತು." ಅವರು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಮತ್ತೆ ನಾವು ಅವರನ್ನು ನೋಡಲಿಲ್ಲ.

ಕಳೆದ ತಿಂಗಳು ಅವರು ತೀರಿಕೊಂಡರಂತೆ. ಹಳೆಯ ನೆರೆಯವರೊಬ್ಬರು ಫೋನಿನಲ್ಲಿ ತಿಳಿಸಿದರು. ಚಿಕ್ಕಮ್ಮ "ಹೌದಾ" ಎಂದಷ್ಟೇ ಹೇಳಿದ್ದಳು. ಕಪಾಟಿನಿಂದ ತೆಗೆದ ಬ್ಯಾಗನ್ನು ಅವಳ ಮುಂದಿಟ್ಟು ಕೇಳಿದೆ.

"ಚಿಕ್ಕಮ್ಮ, ಇದನ್ನ ಮೊದಲಿಂದಲೂ ಹಿಂದಿನ ಸೀಟಲ್ಲೇ ಇಡಬಹುದಿತ್ತಲ್ವಾ?"