ಒಂದು ಗಂಟೆಯ ತಪಾಸಣೆ

ಎಷ್ಟು ಒಗೆದರೂ ಅಂಗಿಯ ತೋಳಿನಲ್ಲಿ ವಿಮಾನದ ಪೆಟ್ರೋಲಿನ ವಾಸನೆ ಉಳಿದುಬಿಡುತ್ತದೆ. ಇವತ್ತು ಇಸ್ತ್ರಿ ಹಾಕುವಾಗ ಅದು ಮೂಗಿಗೆ ಬಡಿದು ನಂಜುಂಡಯ್ಯ ಮೇಷ್ಟ್ರು ನೆನಪಾದರು. ನನಗೆ ವಿಮಾನ ಹಾರಿಸಲು ಕಲಿಸಿದವರು.

ದೊಡ್ಡಬಳ್ಳಾಪುರದ ಮಗ್ಗದ ಮನೆಯವರು. ಹಾರುವ ಮೊದಲು ರೆಕ್ಕೆಯ ಮೇಲೆ ಅಂಗೈ ಎಳೆಯುತ್ತಿದ್ದರು, ಸೀರೆಯಲ್ಲಿ ಕಡಿದ ಎಳೆ ಹುಡುಕುವ ಹಾಗೆ. ನಿಮಗೆ ಗೊತ್ತಿರಲಿಕ್ಕಿಲ್ಲ, ಲೈಸೆನ್ಸ್ ಇದ್ದವರೂ ಆಗಾಗ ಒಬ್ಬ ಶಿಕ್ಷಕರ ಜೊತೆ ಹಾರಿ, ಕೈ ಇನ್ನೂ ನೆಟ್ಟಗಿದೆ ಎಂದು ತೋರಿಸಬೇಕು. ಉಳಿದವರು ಒಂದು ಗಂಟೆಯಲ್ಲಿ ಮುಗಿಸುವ ಈ ತಪಾಸಣೆಗೆ ಮೇಷ್ಟ್ರಿಗೆ ಅರ್ಧ ದಿನ ಬೇಕು. ನನಗೋ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ಕೊಬ್ಬು. ಅವಧಿಯಿಲ್ಲದ ಪರೀಕ್ಷೆ ಪರೀಕ್ಷೆಯಲ್ಲ, ಪರೀಕ್ಷಕನ ಮರ್ಜಿ ಎಂದು ವಾದಿಸಿದ್ದೆ. ಅವರದು ಒಂದೇ ಉತ್ತರ: "ನಿನ್ ತಪ್ಪು ಈಚೆಗೆ ಬರೋಗಂಟ ಕೂತಿರ್ತೀನಿ ಕಣಪ್ಪ. ಬೇಗ ಮುಗಿಸೋದು ನಿನ್ ಕೈಲೈತೆ."

ಆಮೇಲೆ ನಾನೂ ಶಿಕ್ಷಕನಾದೆ. ಹೋದ ವರ್ಷ ಅವರ ಸರದಿ ಬಂದಾಗ ಪಕ್ಕದಲ್ಲಿ ಕೂತವನು ನಾನೇ. ಕಾಲು ಮುಟ್ಟಿ ನಮಸ್ಕರಿಸಿ ಶುರುಮಾಡಿದ ಪರೀಕ್ಷೆ ಎಂಥ ಪರೀಕ್ಷೆ, ನೀವೇ ಹೇಳಿ. ಬೂದಿಗೆರೆಯ ಮೇಲೆ ಹಾರುವಾಗ, ಈಗ ಎಂಜಿನ್ ನಿಂತರೆ ಎಲ್ಲಿ ಇಳಿಸುತ್ತೀರಿ ಎಂದು ಕೇಳಿದೆ. ಕೆಳಗೆ ಬೆರಳು ಮಾಡಿ, ಆ ರಾಗಿ ಹೊಲದಲ್ಲಿ ಎಂದರು. ಅಲ್ಲಿ ರಾಗಿ ಇರಲಿಲ್ಲ. ಹೊಸ ಲೇಔಟು, ಸೈಟುಗಳ ಸುತ್ತ ಕಾಂಪೌಂಡು, ಸಾಲಾಗಿ ಲೈಟುಕಂಬ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅಲ್ಲ, ಹಾಗೆ ಅಂದುಕೊಳ್ಳುವುದು ಸಲೀಸಾಗಿತ್ತು. ಇನ್ನೊಮ್ಮೆ ತೋರಿಸಿ ಎಂದು ಗುರುವಿಗೆ ಹೇಳಲು ನಾಲಿಗೆ ಏಳಲಿಲ್ಲ. ಗಂಟೆ ಮುಗಿಯಿತು, ಸಹಿ ಹಾಕಿದೆ.

"ಇಷ್ಟೇನಾ?" ಎಂದರು.

ನಿಯಮ ಇರುವುದು ಇಷ್ಟೇ ಸಾರ್ ಎಂದು ನಕ್ಕೆ.

ತಿಂಗಳೊಳಗೆ, ಒಬ್ಬರೇ ಹಾರಿ ವಾಪಸು ಬರುವಾಗ, ರನ್‌ವೇ ಇನ್ನೂ ಮುಂದಿರುವಾಗಲೇ ಬೇಲಿಯ ಮೇಲೆ ಇಳಿಸಿಬಿಟ್ಟರು. ಸೊಂಟದ ಮೂಳೆ ಮುರಿಯಿತು. ಇನ್ನು ಹಾರುವಂತಿಲ್ಲ.

ನೋಡಲು ಹೋದಾಗ ಬೈಯಲಿಲ್ಲ. ಬೈದರೆ ಇರಲಿ ಎಂದು ನಾಲ್ಕು ಸಮರ್ಥನೆ ಹೊಂದಿಸಿಕೊಂಡೇ ಹೋಗಿದ್ದೆ, ನಾಚಿಕೆಗೇಡು. ಗೋಡೆ ನೋಡುತ್ತಾ ಹೇಳಿದರು: "ಕಣ್ಣು ಮಂಜಾಗಿ ಸುಮಾರು ದಿನ ಆಗಿತ್ತು. ನಾನಾಗೇ ಬಿಡಕ್ಕೆ ಮನ್ಸು ಬರ್ಲಿಲ್ಲ. ನೀನು ಹಿಡೀತೀಯ, ಬಿಡಿಸ್ತೀಯ ಅಂತಾನೇ ನಿನ್ ಹತ್ರ ಬಂದಿದ್ದೆ ಕಣಪ್ಪ."

ಹೊಂದಿಸಿಕೊಂಡು ಹೋಗಿದ್ದ ನಾಲ್ಕೂ ಸಮರ್ಥನೆಗಳನ್ನು ಹಾಗೇ ವಾಪಸು ತಂದೆ.

ಇಸ್ತ್ರಿ ಮುಗಿಯುವಷ್ಟರಲ್ಲಿ ಫೋನ್ ಬಂತು. ನೆಲಮಂಗಲದ ಡಾಕ್ಟರೊಬ್ಬರು, ಹವ್ಯಾಸಕ್ಕೆ ವಿಮಾನ ಹಾರಿಸುವವರು, ನಾಳೆ ನನ್ನ ಜೊತೆ ಅವರ ತಪಾಸಣೆ. ನನಗಿಂತ ಹಿರಿಯರು, ಗೌರವಸ್ಥರು. ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ, ಮಧ್ಯಾಹ್ನದ ಊಟ ಕಟ್ಟಿಸಿಕೊಂಡು ಬನ್ನಿ ಎಂದೆ.