ಗೂಡ್ಸ್ ಗಾಡಿಯ ಆಚೆ ಬೀಗರು

ರೈಲ್ವೆ ಗೇಟಿನಲ್ಲಿ ರಸ್ತೆಗೆ ಅಡ್ಡವಾಗಿ ರೈಲು ಬಹಳ ಹೊತ್ತು ನಿಲ್ಲಬಾರದು. ನಿಂತರೆ ಡಬ್ಬಿಗಳನ್ನು ಬಿಡಿಸಿ ರಸ್ತೆಗೆ ದಾರಿ ಕೊಡಬೇಕು. ಇಂಥದೊಂದು ನಿಯಮವನ್ನು ನಾನು ಓದಿದ್ದೇನೆ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೋ ಮೊಬೈಲಿನಲ್ಲೋ, ಅದು ನಮ್ಮ ದೇಶದ್ದೋ ಬೇರೆಯವರದ್ದೋ, ಈಗ ಖಾತ್ರಿಯಿಲ್ಲ. ಅಂದು ಮಾತ್ರ ಭಾರೀ ಖಾತ್ರಿಯಿತ್ತು.

ಅಂದು ಅಕ್ಕನ ಬಾಯಿಗೆ ಸಕ್ಕರೆ ಹಾಕಿ ಮದುವೆ ಗಟ್ಟಿ ಮಾಡಲು ಶಹಾಬಾದಿನಿಂದ ಹುಡುಗನ ಕಡೆಯವರು ರಾವೂರಿನ ನಮ್ಮ ಮನೆಗೆ ಬರುತ್ತಿದ್ದರು. ದಾರಿಯ ಗೇಟಿನಲ್ಲಿ ಗೂಡ್ಸ್ ಗಾಡಿಯೊಂದು ಅಡ್ಡ ನಿಂತು ಅವರು ಆಚೆ ಸಿಕ್ಕಿಕೊಂಡರು. ರಾಹುಕಾಲ ಹತ್ತಿರವಾಗುತ್ತಿತ್ತು. ಅದರೊಳಗೆ ಸಕ್ಕರೆ ಬೀಳದಿದ್ದರೆ ಶಕುನ ಸರಿಯಿಲ್ಲವೆಂದು ತಿಳಿದು ಸೇಡಂನ ಇನ್ನೊಬ್ಬ ಹುಡುಗಿಯನ್ನು ನೋಡಲು ಹೋಗುವುದಾಗಿ ಹುಡುಗನ ತಾಯಿ ಫೋನಿನಲ್ಲೇ ಹೇಳಿದರು. ಅಕ್ಕನಿಗೆ ಆ ಹುಡುಗ ಮನಸ್ಸಿಗೆ ಬಂದಿದ್ದ. ಅವಳು ಚಪ್ಪಲಿ ಮೆಟ್ಟಿ ಆಟೋದಲ್ಲಿ ಕುಳಿತಳು. ಸಕ್ಕರೆಯ ಬಟ್ಟಲು ಹಿಡಿದು ಅಜ್ಜಿಯೂ ಹತ್ತಿದಳು. ಅವಳನ್ನು ನಾವು ಆಯಿ ಅನ್ನುತ್ತೇವೆ. ಹಿಂದೆ ನಾನು.

ಗೇಟ್‌ಮನ್‌ಗೆ ನಾನು ನಿಯಮ ವಿವರಿಸಿದೆ.

"ಖರೆ ಅದರಿ," ಅಂದ ಆತ. "ಆ ಸಿಗ್ನಲ್ಲಿಗೂ ಜರಾ ತಿಳಿಸಿ ಹೇಳ್ರಿ."

"ಇಂವ ಹಿಂಗೇ," ಎಂದಳು ಆಯಿ. "ಓದಿದ್ದು ಭಾಳ ಆಗ್ಯಾದ. ಫೋನ್ ಹಚ್ಚೋ."

ಎರಡು ಡಬ್ಬಿಗಳ ನಡುವಿನ ಸಂದಿಯಲ್ಲಿ ಆಚೆಯವರು ಕಾಣುತ್ತಿದ್ದರು. ಆಯಿ ಹುಡುಗನ ತಾಯಿಗೆ ಫೋನಿನಲ್ಲಿ, "ಬೀಗತಿ, ನೀವು ತಂದ ಸಕ್ಕರಿ ನಿಮ್ಮ ಹುಡುಗನ ಬಾಯಾಗ ಹಾಕ್ರಿ, ನಮ್ಮ ಹುಡುಗಿಗಿ ನಾ ಹಾಕ್ತೀನಿ. ನೋಡಾಕತ್ತೀವಲ್ಲ, ಸಾಕು," ಅಂದಳು.

"ಸಕ್ಕರಿ ಬೀಳೂದ್ರಾಗೇ ಬೀಗತಿ ಆದ್ನೇನ್ರಿ?"

"ಮತ್ತ ತಡ ಯಾಕ? ಹಾಕ್ರಿ."

ಹಾಕಿದರು. ಈಚೆ ಆಯಿಯೂ ಹಾಕಿದಳು. ಆಮೇಲೆ ಗಾಡಿ ಹೊರಟಿತು, ಗೇಟು ಎದ್ದಿತು. ಆದರೆ ರಾಹುಕಾಲ ಶುರುವಾಗಿತ್ತು. ಈ ಹೊತ್ತಿನಲ್ಲಿ ಹೊಸ ಬೀಗರು ಹೊಸ್ತಿಲು ದಾಟಬಾರದು, ಹಳಿಯೂ ಹೊಸ್ತಿಲೇ ಎಂದು ಆಯಿ ಈಚೆ ನಿಂತಳು. ಅದನ್ನು ಒಪ್ಪಿ ಅವರು ಆಚೆ ನಿಂತರು. ನಮ್ಮ ಆಟೋ, ಅವರ ಜೀಪು ರಸ್ತೆಗೆ ಅಡ್ಡ. ಹಿಂದಿನ ಲಾರಿಗಳು ಹಾರ್ನ್ ಹೊಡೆಯತೊಡಗಿದವು.

"ಗಾಡಿ ಹೋತಲ್ರಿ, ಈಗ ಯಾಕ ನಿಂತೀರಿ?" ಗೇಟ್‌ಮನ್ ಕೇಳಿದ.

"ರಾಹುಕಾಲ," ಎಂದಳು ಆಯಿ.

ಅಕ್ಕ ತಾನೇ ಹಳಿ ದಾಟಿ ಆಚೆ ನಡೆದಳು ಎಂದು ನನ್ನ ನೆನಪು. ಅವಳು ಒಪ್ಪುವುದಿಲ್ಲ, ಬಂದವರು ನಿನ್ನ ಭಾವ ಅನ್ನುತ್ತಾಳೆ. ಭಾವನನ್ನು ಕೇಳಿದರೆ, ಇಬ್ಬರೂ ನಡುವೆ ಸಿಕ್ಕೆವು ಎನ್ನುತ್ತಾರೆ. "ಹಳಿ ಮ್ಯಾಲ ನಿಂತು ಮಾತಾಡಬ್ಯಾಡ್ರಿ" ಎಂದು ಗೇಟ್‌ಮನ್ ಕೂಗಿದ್ದು ಮಾತ್ರ ಮೂವರಿಗೂ ನೆನಪಿದೆ.